ಒಂದೂಕಾಲು ಇಂಚು

ರಾತ್ರಿ ಮಲಗುವ ಮುಂಚೆ ಅಮ್ಮನ ಮಂಚದ ಬದಿಯ ಸ್ಟೂಲಿನ ಮೇಲೆ ಒಂದು ತಂಬಿಗೆ ನೀರಿಡುವುದು ನಮ್ಮ ಮನೆಯ ಹಳೆಯ ಕ್ರಮ. ಕಳೆದ ಮೇ ತಿಂಗಳಲ್ಲಿ ಬೆಂಗಳೂರಿನಿಂದ ಉದ್ಯಾವರಕ್ಕೆ ಹೋಗಿದ್ದಾಗ ಮೂರು ರಾತ್ರಿ ಆ ಕೆಲಸವನ್ನು ನಾನೇ ಮಾಡಿದೆ. ಮೂರು ಬೆಳಿಗ್ಗೆಯೂ ತಂಬಿಗೆ ತುಂಬಿಯೇ ಇತ್ತು. ಫ್ಯಾನಿನ ಅಡಿಯಲ್ಲೂ ದಿಂಬು ಒದ್ದೆಯಾಗುವ ಕರಾವಳಿಯ ಸೆಕೆಯಲ್ಲಿ 74 ವರ್ಷದ ಹೆಂಗಸೊಬ್ಬಳು ಒಂದು ಗುಟುಕು ನೀರೂ ಕುಡಿಯದೆ ಮಲಗಿ ಏಳುತ್ತಾಳೆ ಎಂದರೆ ಏನರ್ಥ? ಕೇಳಿದರೆ "ಬಾಯಾರಲಿಲ್ಲ" ಎಂದಳು. ಅದಕ್ಕೆ ಎರಡು ತಿಂಗಳ ಹಿಂದೆ ಉರಿಮೂತ್ರವಾಗಿ ಜ್ವರ ಬಂದಾಗಲೂ ಡಾಕ್ಟರು ಕೇಳಿದ ಮೊದಲ ಪ್ರಶ್ನೆ "ದಿನಕ್ಕೆ ಎಷ್ಟು ನೀರು ಕುಡೀತೀರಿ?" ಎಂದು. "ಕುಡೀತೇನೆ" ಎಂದಷ್ಟೇ ಹೇಳಿ ಅಮ್ಮ ಗೋಡೆಯ ಕ್ಯಾಲೆಂಡರ್ ನೋಡಿದ್ದಳು.

ನಾಲ್ಕನೆಯ ರಾತ್ರಿ, ನಾಲ್ಕು ಗಂಟೆಯ ಹೊತ್ತಿಗೆ ಹಿಂಬಾಗಿಲಿನ ಚಿಲಕ ತೆಗೆಯುವ ಸದ್ದಾಯಿತು. ಎದ್ದು ಹೋಗಿ ನೋಡಿದರೆ ಅಮ್ಮ ಒಂದು ಕೈಯಲ್ಲಿ ಟಾರ್ಚು, ಇನ್ನೊಂದು ಕೈಯಲ್ಲಿ ಊರುಗೋಲು ಹಿಡಿದು ಅಂಗಳ ದಾಟುತ್ತಿದ್ದಾಳೆ. ಅಂಗಳದ ಆಚೆ ಅಜ್ಜ ಕಟ್ಟಿಸಿದ ಹಳೆಯ ಕಕ್ಕಸು. ಅದಕ್ಕೆ ಕೆಂಪುಕಲ್ಲಿನ ಮೂರು ಮೆಟ್ಟಿಲು. ಜನವರಿಯಲ್ಲಿ ಎರಡೂ ಮೊಣಕಾಲಿನ ಆಪರೇಷನ್ ಆದವಳು ಒಂದೊಂದೇ ಮೆಟ್ಟಿಲಿಗೆ ಎರಡೂ ಪಾದ ಊರಿ ಹತ್ತುತ್ತಿದ್ದಳು. ಆಸ್ಪತ್ರೆಯಿಂದ ಬಂದ ಹೊಸತರಲ್ಲಿ ತಂದಿದ್ದ, ನಡುವೆ ತೂತಿರುವ ಕುರ್ಚಿಯನ್ನು ಅಲ್ಲಿಯ ಹಳೆಯ ಪ್ಯಾನಿನ ಮೇಲೆ ಇಟ್ಟುಕೊಂಡಿದ್ದಾಳೆ ಎಂದು ಆಮೇಲೆ ಗೊತ್ತಾಯಿತು.

ಒಳಗೆ, ಅವಳ ಕೋಣೆಗೆ ತಾಗಿಕೊಂಡೇ, ಅವಳಿಗಾಗಿಯೇ ಮಾಡಿಸಿದ ಹೊಸ ಟಾಯ್ಲೆಟ್ ಇತ್ತು. ಬಿಳಿ ಕಮೋಡು, ಜಾರದ ಟೈಲ್ಸು, ಹಿಡಿದುಕೊಳ್ಳಲು ಸ್ಟೀಲಿನ ಸರಳು. ಹಣ ಹಾಕಿದವನು ಅಣ್ಣ, ಫೋನಿನಲ್ಲಿ ನಿಂತು ಮಾಡಿಸಿದವಳು ನಾನು. "ಅದಿರುವಾಗ ಇಲ್ಲಿಗ್ಯಾಕೆ ಬಂದದ್ದು?" ಎಂದು ಕೇಳಿದೆ. ದನಿ ಸ್ವಲ್ಪ ಏರಿತ್ತು. ಅಮ್ಮ ಮೆಟ್ಟಿಲಿನ ಮೇಲೇ ನಿಂತು ಹೇಳಿದಳು: "ಅದು ಅಲ್ಲಾಡ್ತದೆ ಮಗಾ. ಕೂತ ಕೂಡಲೇ ಒಂದು ಬದಿಗೆ ವಾಲ್ತದೆ. ನನಗೆ ಹೆದರಿಕೆ ಆಗ್ತದೆ."

"ಹೇಳ್ಬಹುದಿತ್ತಲ್ಲ?"

"ಅಷ್ಟು ಖರ್ಚು ಮಾಡಿದ್ದೀರಿ. ಅದೂ ಅಲ್ಲದೆ ಆ ವಿಷಯ ಎಲ್ಲ ಎಂತ ಹೇಳುವುದು?"

ಆ ವಿಷಯ. ಅಮ್ಮನ ತಲೆಮಾರಿನವರಿಗೆ ಅದಕ್ಕೆ ಹೆಸರಿಲ್ಲ. ಅವಳು ಹುಟ್ಟಿ ಬೆಳೆದದ್ದು ಉಡುಪಿ ಪೇಟೆಯ ಒಂದು ಓಣಿಮನೆಯಲ್ಲಿ. ಆ ಮನೆಗಳ ಹಿಂದೆ ಇನ್ನೊಂದು ಸಪೂರ ಓಣಿ. ಬೆಳಗಿನ ಜಾವ ಬುಟ್ಟಿ ಹೊತ್ತ ಹೆಂಗಸೊಬ್ಬಳು ಆ ಓಣಿಯಲ್ಲಿ ಬಂದು ಪ್ರತಿ ಮನೆಯ ಹಿಂದಿನ ಗಿಡ್ಡ ಬಾಗಿಲು ಎತ್ತುತ್ತಿದ್ದಳಂತೆ. ಆ ಹೊತ್ತಿಗೆ ಹಿತ್ತಿಲಿಗೆ ಹೋಗಬಾರದು, ಅತ್ತ ನೋಡಬಾರದು ಎಂದು ಮಕ್ಕಳಿಗೆ ಹೇಳಿರುತ್ತಿದ್ದರು. "ಅವಳ ಮುಖ ನನಗೆ ಗೊತ್ತಿಲ್ಲ, ಬಳೆಯ ಸದ್ದು ಮಾತ್ರ ಗೊತ್ತು" ಎಂದು ಅಮ್ಮ ಒಮ್ಮೆ ಹೇಳಿದ್ದಳು. ವಿ.ಎಸ್. ಆಚಾರ್ಯರು ಅಧ್ಯಕ್ಷರಾಗಿದ್ದ ಕಾಲದಲ್ಲಿ ಉಡುಪಿಯ ಪುರಸಭೆ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಲ್ಲಿಸಿತು. ದೇಶದಲ್ಲಿಯೇ ಮೊದಲು ನಿಲ್ಲಿಸಿದ ಊರುಗಳ ಸಾಲಿನಲ್ಲಿ ಉಡುಪಿಯ ಹೆಸರು ಹೇಳುತ್ತಾರೆ. 1970ರ ದಶಕದಲ್ಲಿ ದೇವರಾಜ ಅರಸು ಸಂಪುಟದಲ್ಲಿದ್ದ ಬಿ. ಬಸವಲಿಂಗಪ್ಪನವರು ಇಡೀ ರಾಜ್ಯದಲ್ಲಿ ಅದನ್ನು ನಿಲ್ಲಿಸಲು ಹೊರಟರು. ಸಂಸತ್ತಿನ ಕಾನೂನು ಬಂದದ್ದು 1993ರಲ್ಲಿ, ಇನ್ನಷ್ಟು ಬಿಗಿಯಾದದ್ದು 2013ರಲ್ಲಿ. ಬುಟ್ಟಿ ಹೋಯಿತು, ಗಿಡ್ಡ ಬಾಗಿಲಿಗೆ ಕಲ್ಲು ಕಟ್ಟಿದರು. ನೋಡಬಾರದು, ಹೇಳಬಾರದು ಎಂಬುದು ಮಾತ್ರ ಅಮ್ಮನ ಜೊತೆ ಮದುವೆಯಾಗಿ ಉದ್ಯಾವರಕ್ಕೆ ಬಂತು.

ಉದ್ಯಾವರದ ಕಥೆ ಬೇರೆ. ಶಾಲೆಯಲ್ಲಿ ಓದಿದ ಪ್ರಕಾರ ನಮ್ಮೂರು ಒಂದು ಕಾಲಕ್ಕೆ ಆಳುಪರ ರಾಜಧಾನಿ, ಶಾಸನಗಳು ಸಿಕ್ಕ ಊರು. ನಾನು ಕಂಡದ್ದು ಹೊಳೆಯ ಊರು. ಪಾಪನಾಶಿನಿ ಎಂಬ ಹೆಸರೂ ಇರುವ ಉದ್ಯಾವರ ಹೊಳೆ ಕಡಲಿನ ತೀರಾ ಹತ್ತಿರಕ್ಕೆ ಬಂದೂ ಅದನ್ನು ಸೇರದೆ, ಮರಳಿನ ಪಟ್ಟಿಯೊಂದರ ಒಳಬದಿಯಲ್ಲಿ ಉತ್ತರಕ್ಕೆ ಹರಿದು ಮಲ್ಪೆಯ ಬಳಿ ಕಡಲು ಸೇರುತ್ತದೆ. ನಮ್ಮ ಮನೆ ಪಿತ್ರೋಡಿಯ ಕಡೆಗೆ, ಹೊಳೆಯಿಂದ ನಾಲ್ಕು ತೆಂಗಿನ ತೋಟಗಳಾಚೆ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ಜಿಲ್ಲೆಯಲ್ಲಿ ಹೊಳೆಬದಿಯ ಮನೆ ಎಂದರೆ ಆಟಿ ತಿಂಗಳಲ್ಲಿ ಬಾವಿಯ ನೀರನ್ನು ಬಗ್ಗಿ ಕೈಯಲ್ಲಿ ಮುಟ್ಟಬಹುದು. ಬಾವಿಯಲ್ಲಿ ನೀರು ಏರಿದರೆ ಕಕ್ಕಸಿನ ಗುಂಡಿಯಲ್ಲೂ ಏರುತ್ತದೆ. ಸುತ್ತಲಿನ ಮಣ್ಣೇ ನೀರು ಕುಡಿದು ತೇಗುತ್ತಿರುವಾಗ ಗುಂಡಿಯ ನೀರು ಇಂಗುವುದೆಲ್ಲಿಗೆ? ತಗ್ಗಿನಲ್ಲಿ ಪ್ಯಾನ್ ಕೂರಿಸಿದವರ ಮನೆಯಲ್ಲಿ ಜುಲೈ ತಿಂಗಳಿಡೀ ಸುರಿದ ನೀರು ಕೆಳಗೆ ಹೋಗುವುದಿಲ್ಲ. ಕೆಲವೊಮ್ಮೆ ಕೆಳಗಿನದೇ ಮೇಲೆ ಬರುತ್ತದೆ. ಅಜ್ಜ ಆ ಮೂರು ಮೆಟ್ಟಿಲು ಕಟ್ಟಿಸಿದ್ದು ಅದಕ್ಕೆ. ಒಂದು ಮಳೆಗಾಲದಲ್ಲಿ ನೀರು ನಿಂತ ಎತ್ತರಕ್ಕೆ ತೆಂಗಿನ ಮರದಲ್ಲಿ ಕತ್ತಿಯಿಂದ ಗುರುತು ಮಾಡಿ, ಆ ಗುರುತಿಗಿಂತ ಒಂದು ಗೇಣು ಮೇಲೆ ಪ್ಯಾನ್ ಕೂರಿಸಿ ಎಂದಿದ್ದರಂತೆ. ಅಜ್ಜ ಹೊಳೆಯಿಂದ ಅಳೆದಿದ್ದರು.

ಆ ಮೆಟ್ಟಿಲುಗಳ ಮೇಲೆ ಜೂನ್ ಬಂತೆಂದರೆ ಪಾಚಿ ಹಿಡಿಯುತ್ತದೆ. ನಮಗೆ ಇದ್ದದ್ದು ಮೂರು ವಾರ.

ಬೆಳಗಾದ ಮೇಲೆ ನಾನೇ ಹೋಗಿ ಕಮೋಡಿನ ಮೇಲೆ ಕೂತು ನೋಡಿದೆ. ಅಮ್ಮ ಹೇಳಿದ್ದು ನಿಜ. ಎಡಕ್ಕೆ ಭಾರ ಹಾಕಿದರೆ ಟಕ್ ಎಂದು ಎಡಕ್ಕೆ, ಬಲಕ್ಕೆ ಹಾಕಿದರೆ ಟಕ್ ಎಂದು ಬಲಕ್ಕೆ. ಗಟ್ಟಿ ಕಾಲಿರುವವರಿಗೆ ಅದೊಂದು ಕಿರಿಕಿರಿ, ಅಷ್ಟೆ. ಹೊಸ ಮೊಣಕಾಲುಗಳನ್ನು ಇನ್ನೂ ನಂಬಲಾರದ ಅಮ್ಮನಿಗೆ ಅದು ದೋಣಿ. ಬಗ್ಗಿ ನೋಡಿದೆ. ಕಮೋಡಿನ ಪಾದದ ಸುತ್ತ ಬೆರಳು ದಪ್ಪದ ವೈಟ್ ಸಿಮೆಂಟಿನ ಗೋಡೆ. ಮುಂದುಗಡೆ ಅದು ಬಿರುಕು ಬಿಟ್ಟು ಪುಡಿಯಾಗುತ್ತಿತ್ತು. ಸಣ್ಣಗೆ ವಾಸನೆಯೂ ಇತ್ತು. ಅಮ್ಮ ಅದರ ಮೇಲೆ ದಿನಾ ಫಿನಾಯಿಲ್ ಸುರಿಯುತ್ತಿದ್ದಳು.

ಕೂರಿಸಿದ ಪ್ಲಂಬರಿಗೆ ಫೋನು ಮಾಡಿದೆ. "ಪೈಪು ಮೇಲಿತ್ತು, ನಾನು ಸಿಮೆಂಟ್ ತುಂಬಿಸಿ ಸರಿ ಮಾಡಿದ್ದೆ" ಎಂದ. ಪೈಪು ಹಾಕಿದ್ದೂ ಅವನೇ ಅಲ್ಲವೇ ಎಂದರೆ, "ನಾನು ಹಾಕಿದ್ದು ಸರಿಯಾಗಿಯೇ" ಎಂದ. ನನಗೆ ಸಿಟ್ಟು ಬಂತು. ತಾನೇ ಹಾಕಿದ ಪೈಪು ಸರಿ ಇದ್ದು, ತಾನೇ ಕೂರಿಸುವಾಗ ಮೇಲೆ ಬಂದದ್ದು ಹೇಗೆ? ಪೈಪು ಏನು ಬೆಳೆಯುತ್ತದೆಯೇ?

ರಾತ್ರಿ ಅಣ್ಣ ನ್ಯೂಜೆರ್ಸಿಯಿಂದ ವೀಡಿಯೊ ಕಾಲಿನಲ್ಲಿ ಬಂದ. ಮೊಬೈಲನ್ನು ಕಮೋಡಿನ ಬುಡಕ್ಕೆ ಹಿಡಿದು ತೋರಿಸಿದೆ. "ಫ್ಲೇಂಜ್ ಎತ್ತರ ಆಗಿದೆ" ಎಂದ. ಅಲ್ಲಿ ನೆಲದಲ್ಲಿರುವ ಕೊಳವೆಯ ಬಾಯಿಗೆ ಬಳೆಯಂಥ ಒಂದು ಅಗಲ ಅಂಚು ಕೂರಿಸುತ್ತಾರಂತೆ, ಅದು ಫ್ಲೇಂಜ್. ಅದರ ಮೇಲೆ ಮೇಣದ ಉಂಗುರ ಇಟ್ಟು, ಕಮೋಡನ್ನು ಅದುಮಿ, ಎರಡು ಬೋಲ್ಟು ಬಿಗಿದರೆ ಆಯಿತು. ಆ ಬಳೆ ಮುಗಿದ ನೆಲದ ಮೇಲೆ ಸರಿಯಾಗಿ ಕೂರಬೇಕು. ತಗ್ಗಿದ್ದರೆ ಸೋರುತ್ತದೆ, ಎತ್ತರವಿದ್ದರೆ ಕಮೋಡಿನ ಪಾದ ನೆಲ ಮುಟ್ಟುವುದಿಲ್ಲ. ನಮ್ಮಲ್ಲಿ ಆ ಬಳೆ ಇಲ್ಲ. ಕಮೋಡಿನ ಕೊಳವೆ ನೇರವಾಗಿ ಪೈಪಿನ ಬಾಯಿಯೊಳಗೆ ಇಳಿಯುತ್ತದೆ, ಸುತ್ತ ರಬ್ಬರೋ ಸಿಮೆಂಟೋ ತುಂಬಿಸುತ್ತಾರೆ. ಆದರೆ ಕಾಯಿಲೆ ಒಂದೇ. ಪೈಪಿನ ಬಾಯಿ ನೆಲದಿಂದ ಮೇಲೆ ನಿಂತಿದೆ. ಕಮೋಡು ಹಿಂದುಗಡೆ ಅದರ ಮೇಲೆ ಕೂತಿದೆ, ಮುಂದುಗಡೆ ಗಾಳಿಯಲ್ಲಿದೆ. ಆ ಗಾಳಿಯ ಜಾಗದಲ್ಲಿ ಸಿಮೆಂಟ್ ಇದೆ.

ಅದು ಯಾಕೆ ಬರೀ ಕುಲುಕಾಟದ ವಿಷಯವಲ್ಲ ಎಂಬುದನ್ನೂ ಅಣ್ಣನೇ ವಿವರಿಸಿದ. ಕಮೋಡಿನೊಳಗೆ ಹಾವಿನಂತೆ ಬಾಗಿದ ಒಂದು ಕೊಳವೆ ಇರುತ್ತದೆ. ಆ ಬಾಗಿನಲ್ಲಿ ಯಾವಾಗಲೂ ಸ್ವಲ್ಪ ನೀರು ನಿಂತಿರುತ್ತದೆ. ಗುಂಡಿಯ ಗಾಳಿ ಮನೆಯೊಳಗೆ ಬಾರದಂತೆ ತಡೆಯುವುದು ಆ ಒಂದು ಬೊಗಸೆ ನೀರು. 1775ರಲ್ಲಿ ಲಂಡನ್ನಿನಲ್ಲಿ ಅಲೆಕ್ಸಾಂಡರ್ ಕಮಿಂಗ್ ಎಂಬ ಗಡಿಯಾರ ತಯಾರಕ ಅದಕ್ಕೆ ಪೇಟೆಂಟ್ ಪಡೆದ. ಗಡಿಯಾರದವನ ಆ ಉಪಾಯ ಇವತ್ತಿಗೂ ಬದಲಾಗಿಲ್ಲ. ಆದರೆ ಆ ನೀರಿನ ಕಾವಲು ಇರುವುದು ಕಮೋಡಿನೊಳಗೆ. ಕಮೋಡು ಪೈಪನ್ನು ಸೇರುವ ಜಾಗ ಅದಕ್ಕಿಂತ ಕೆಳಗಿದೆ. ಅಲ್ಲಿಯ ಜೋಡಣೆ ಬಿಗಿಯಾಗಿರುವುದೊಂದೇ ಅಲ್ಲಿನ ರಕ್ಷೆ. ಪ್ರತಿ ಸಲ ಕಮೋಡು ಟಕ್ ಎಂದಾಗ ಆ ಜೋಡಣೆ ಒಂದು ಕೂದಲೆಳೆ ಬಿಡುತ್ತದೆ. ಮೊದಲು ವಾಸನೆ, ಆಮೇಲೆ ನೀರು.

"ಪೈಪು ಕಟ್ ಮಾಡ್ಸು, ಅರ್ಧ ಗಂಟೆಯ ಕೆಲಸ" ಎಂದ ಅಣ್ಣ. ನನಗೂ ಅದೇ ಸರಿ ಎನಿಸಿತು.

ಮರುದಿನ ಬಂದವರು ಕಟಪಾಡಿ ಕಡೆಯ ಒಬ್ಬ ಮೇಸ್ತ್ರಿ. ಅರವತ್ತು ದಾಟಿದವರು, ಸಣ್ಣ ಆಳು. ಚೀಲದಲ್ಲಿ ರಸಮಟ್ಟ, ಟೇಪು, ಎರಡು ಹ್ಯಾಕ್ಸಾ ಬ್ಲೇಡು. ಕಮೋಡಿನ ಸಿಮೆಂಟನ್ನು ಉಳಿಯಿಂದ ಮೆಲ್ಲಗೆ ಕುಟ್ಟಿ ಬಿಡಿಸಿದರು. ಟ್ಯಾಂಕಿನ ನೀರು ಖಾಲಿ ಮಾಡಿ, ಕಮೋಡಿನ ಬಾಗಿನಲ್ಲಿ ನಿಂತ ನೀರನ್ನು ಹಳೆಯ ಬಟ್ಟೆಯಲ್ಲಿ ಹೀರಿ ತೆಗೆದು, ಇಬ್ಬರೂ ಸೇರಿ ಎತ್ತಿ ಗೋಣಿಯ ಮೇಲೆ ಮಲಗಿಸಿದೆವು. ಕೂಡಲೇ ಅವರು ಒಂದು ಬಟ್ಟೆಯ ಉಂಡೆ ಮಾಡಿ, ಅದಕ್ಕೆ ಹಗ್ಗ ಕಟ್ಟಿ, ಪೈಪಿನ ಬಾಯಿಗೆ ತುರುಕಿ, ಹಗ್ಗದ ತುದಿಯನ್ನು ನಲ್ಲಿಗೆ ಕಟ್ಟಿದರು. ವಾಸನೆ ನಿಂತಿತು. "ಹಗ್ಗ ಯಾಕೆ?" ಎಂದೆ. "ಬಟ್ಟೆ ಒಳಗೆ ಬಿದ್ರೆ ಮತ್ತೆ ನಾವು ಗುಂಡಿ ಒಡೀಬೇಕಾಗ್ತದೆ ಅಕ್ಕ" ಎಂದರು.

ಪೈಪಿನ ಬದಿಗೆ ಟೇಪು ಹಿಡಿದರು. ಟೈಲ್ಸಿನಿಂದ ಪೈಪಿನ ಬಾಯಿಗೆ ಒಂದೂಕಾಲು ಇಂಚು. ನಾನು ಪ್ಲಂಬರಿನ ಮೇಲಿನ ನನ್ನ ದೂರನ್ನೆಲ್ಲ ಹೇಳಿದೆ. ಅವರು ಕೇಳಿಸಿಕೊಂಡು, ಏನೂ ಹೇಳದೆ, ಬಾಗಿಲನ್ನು ಪೂರ್ತಿ ತೆರೆದು ದಾರಂದದ ಹಿಂಬದಿ ನೋಡತೊಡಗಿದರು. ಬಿಜಾಗರಿಯ ಪಕ್ಕ, ಪೈಂಟು ತಾಗದ ಕಡೆ, ಪೆನ್ಸಿಲಿನಲ್ಲಿ ಎಳೆದ ಒಂದು ಅಡ್ಡಗೆರೆ ಇತ್ತು. ಕೆಳಗೆ ಒಂದು ಬಾಣ, ಪಕ್ಕದಲ್ಲಿ 3 ಎಂಬ ಅಂಕಿ.

"ಇದು ಲೆವೆಲ್ಲಿನ ಗುರುತು. ಕೆಲಸ ಶುರು ಮಾಡುವಾಗ ಟ್ಯೂಬಲ್ಲಿ ನೀರು ತುಂಬಿಸಿ ಎಲ್ಲಾ ಕಡೆ ಹಾಕ್ತೇವೆ. ಇದರಿಂದ ಮೂರು ಅಡಿ ಕೆಳಗೆ ಮುಗಿದ ನೆಲ ಅಂತ ಲೆಕ್ಕ. ಪ್ಲಂಬರ್ ಪೈಪು ಹಾಕುವಾಗ ಅಲ್ಲಿ ಟೈಲ್ಸ್ ಇರುದಿಲ್ಲ ಅಲ್ವಾ? ಅವ ಈ ಗೆರೆ ನೋಡಿಯೇ ಹಾಕುದು."

ಗೆರೆಯಿಂದ ಕೆಳಕ್ಕೆ ಟೇಪು ಬಿಟ್ಟರು. ಮೂರು ಅಡಿ ಮತ್ತು ಒಂದೂಕಾಲು ಇಂಚು.

"ಪೈಪು ಮೇಲೆ ಬರ್ಲಿಲ್ಲ ಅಕ್ಕ. ನೆಲ ಕೆಳಗೆ ಹೋಗಿದೆ" ಎಂದರು.

ಆಗ ನನಗೆ ನೆನಪಾಯಿತು. ಡಿಸೆಂಬರಿನ ಒಂದು ಮಧ್ಯಾಹ್ನ, ಬೆಂಗಳೂರಿನ ಆಫೀಸಿನ ಮೆಟ್ಟಿಲ ಬಳಿ ನಿಂತು ನಾನು ಟೈಲ್ಸಿನವನಿಗೆ ಫೋನು ಮಾಡಿದ್ದೆ. ಹೊಸ ಟಾಯ್ಲೆಟ್ಟಿಗೆ ಕೋಣೆಯಿಂದ ಒಂದು ಮೆಟ್ಟಿಲು ಏರಬೇಕಾಗಿತ್ತು. ಗುಂಡಿ ಇರುವುದು ಮನೆಯಿಂದ ಸುಮಾರು 20 ಅಡಿ ಆಚೆ. ಆ ದೂರಕ್ಕೆ ಪೈಪು ಐದಾರು ಇಂಚಾದರೂ ಇಳಿಜಾರಾಗಿ ಹೋಗಬೇಕು. ಗುಂಡಿಯನ್ನು ಕೆಳಗಿಳಿಸುವಂತಿಲ್ಲ, ಅಜ್ಜನ ಕಾಲದ ಅದೇ ಹೊಳೆ ಈಗಲೂ ಇದೆ. ಹಾಗಾಗಿ ನೆಲವೇ ಮೇಲೇರಬೇಕಿತ್ತು. ನನಗೆ ಅದೊಂದೂ ಗೊತ್ತಿರಲಿಲ್ಲ. ನನ್ನ ಕಣ್ಣ ಮುಂದೆ ಇದ್ದದ್ದು ಮೊಣಕಾಲು ನೋವಿನ ಅಮ್ಮ ಮತ್ತು ಒಂದು ಮೆಟ್ಟಿಲು. "ಆ ಮೆಟ್ಟಿಲು ಎಷ್ಟು ಕಮ್ಮಿ ಮಾಡ್ಲಿಕ್ಕೆ ಆಗ್ತದೋ ಅಷ್ಟು ಕಮ್ಮಿ ಮಾಡಿ" ಎಂದಿದ್ದೆ. ಅವನು ಯೋಚಿಸಿ, ಟೈಲ್ಸಿನ ಅಡಿಗೆ ದಪ್ಪದ ಸಿಮೆಂಟ್ ಗಾರೆ ಹಾಕುವ ಬದಲು ತೆಳ್ಳಗೆ ಟೈಲ್ಸಿನ ಗೋಂದು ಹಾಕಿ ಕೂರಿಸಿದರೆ ಇಂಚು, ಒಂದೂಕಾಲು ಇಂಚು ಉಳಿಸಬಹುದು ಎಂದಿದ್ದ. "ಮಾಡಿ" ಎಂದಿದ್ದೆ. ನನ್ನ ಬಗ್ಗೆ ನನಗೇ ಮೆಚ್ಚುಗೆಯಾಗಿತ್ತು. ಪ್ಲಂಬರಿಗೆ ಹೇಳಬೇಕು ಎಂದು ನನಗೆ ಹೊಳೆಯಲಿಲ್ಲ. ಪೈಪು ಅಷ್ಟರಲ್ಲಿ ಕಾಂಕ್ರೀಟಿನಲ್ಲಿ ಹೂತುಹೋಗಿತ್ತು. ಮೂರು ವಾರದ ಮೇಲೆ ಕಮೋಡು ಕೂರಿಸಲು ಬಂದವನಿಗೆ ನೆಲ ತಗ್ಗಿರುವುದು ಕಂಡಿರಬೇಕು. ಅವನೂ ನನಗೆ ಹೇಳಲಿಲ್ಲ. ಸಿಮೆಂಟ್ ತುಂಬಿಸಿದ. ಅಮ್ಮ ಕೂತಾಗ ವಾಲಿತು. ಅಮ್ಮನೂ ಹೇಳಲಿಲ್ಲ. ನೀರು ಕುಡಿಯುವುದನ್ನು ಬಿಟ್ಟಳು.

ಐದು ತಿಂಗಳ ಬಾಯಾರಿಕೆ ನನ್ನ ಒಂದು ಫೋನಿನಿಂದ ಶುರುವಾಗಿತ್ತು. ಅದನ್ನು ಆ ಕ್ಷಣದಲ್ಲಿ ಮೇಸ್ತ್ರಿಗೆ ಹೇಳುವ ಧೈರ್ಯ ನನಗೆ ಬರಲಿಲ್ಲ. "ಕಟ್ ಮಾಡಿ ಬಿಡಿ" ಎಂದೆ.

ಅವರು ಬ್ಲೇಡು ಕೈಗೆತ್ತಿಕೊಂಡರು, ಮತ್ತೆ ಇಟ್ಟರು. "ಕಟ್ ಮಾಡ್ಬಹುದು. ಪೈಪಿನ ಬಾಯಿಯ ಈ ಅಗಲದ ಭಾಗ ಎರಡೂವರೆ ಇಂಚು ಆಳ ಉಂಟು. ಒಂದೂಕಾಲು ತೆಗೆದ್ರೂ ಕಮೋಡಿನ ಕೊಳವೆ ಕೂರ್ಲಿಕ್ಕೆ ಅಷ್ಟೇ ಉಳೀತದೆ. ಆದ್ರೆ ಒಮ್ಮೆ ತೆಗೆದ್ರೆ ಮತ್ತೆ ಹಾಕ್ಲಿಕ್ಕಾಗುದಿಲ್ಲ. ಮೊದ್ಲು ಒಂದು ಕೇಳ್ತೇನೆ. ಅಮ್ಮ ದಿನಾ ಕೂತು ಏಳುವ ಜಾಗ ಯಾವುದು?"

ಆ ಪ್ರಶ್ನೆ ನನಗೆ ಅರ್ಥವಾಗಲಿಲ್ಲ. ಅಮ್ಮನಿಗೆ ಆಯಿತು. ಅಲ್ಲಿಯವರೆಗೆ ಬಾಗಿಲ ಆಚೆ, ಇದಕ್ಕೂ ತನಗೂ ಸಂಬಂಧವಿಲ್ಲದಂತೆ ನಿಂತಿದ್ದವಳು, "ಜಗಲಿಯ ಚಿಟ್ಟೆ" ಎಂದಳು. ಮೇಸ್ತ್ರಿ ಟೇಪು ಹಿಡಿದು ಜಗಲಿಗೆ ಹೋದರು. ಐವತ್ತು ವರ್ಷದಿಂದ ಅಮ್ಮ ಮಲ್ಲಿಗೆ ಕಟ್ಟುತ್ತ, ತರಕಾರಿ ಹೆಚ್ಚುತ್ತ, ಬಂದವರೊಡನೆ ಮಾತಾಡುತ್ತ ಕೂತು ನುಣುಪಾದ ಕೆಂಪು ಚಿಟ್ಟೆ. ನೆಲದಿಂದ 17 ಇಂಚು ಚಿಲ್ಲರೆ. ಕಮೋಡನ್ನು ಸೀಟಿನ ಸಮೇತ ಅಳೆದರು. 16.

"ಒಂದು ಇಂಚು ಅಂದ್ರೆ ನಿಮಗೆ ಎಂತದ್ದೂ ಅಲ್ಲ. ಗಂಟು ನೋವಿದ್ದವರಿಗೆ ಅದು ಒಂದು ಮೆಟ್ಟಿಲು" ಎಂದರು.

ಆಸ್ಪತ್ರೆಯ ಫಿಸಿಯೊಥೆರಪಿಯ ಹುಡುಗಿ ಹೇಳಿದ್ದೂ ಅದನ್ನೇ. ಕೂತಾಗ ಸೊಂಟ ಮೊಣಕಾಲಿಗಿಂತ ತಗ್ಗಬಾರದು, ತಗ್ಗಿದಷ್ಟೂ ಏಳುವ ಭಾರವೆಲ್ಲ ಮೊಣಕಾಲಿಗೇ ಬೀಳುತ್ತದೆ ಎಂದು. ನಾನು ಅದನ್ನು ಸೋಫಾದ ಬಗ್ಗೆ ಹೇಳಿದ್ದೆಂದುಕೊಂಡು ಸೋಫಾಕ್ಕೆ ಇನ್ನೊಂದು ದಿಂಬು ಹೊಲಿಸಿದ್ದೆ.

ಆಮೇಲೆ ನಡೆದದ್ದು ಒಂದು ಪರೀಕ್ಷೆ. ಮನೆಯಲ್ಲಿದ್ದ ಹಳೆಯ ಮರದ ಸ್ಟೂಲು ಸರಿಯಾಗಿ 16 ಇಂಚು ಇತ್ತು. ಮೇಸ್ತ್ರಿ ಅದನ್ನು ಗೋಡೆಗೆ ಒರಗಿಸಿ ಇಟ್ಟು ಅಮ್ಮನನ್ನು ಕೂತು ಏಳಲು ಹೇಳಿದರು. ಅಮ್ಮ ಎರಡು ಸಲ ಮುಂದಕ್ಕೆ ತೂಗಿ, ಮೂರನೇ ಸಲಕ್ಕೆ ಎದ್ದಳು. ಮುಕ್ಕಾಲು ಇಂಚಿನ ಹಲಗೆಯೊಂದನ್ನು ಸ್ಟೂಲಿನ ಅಡಿಗೆ ಕೊಟ್ಟರು. ಒಂದು ಸಲ ತೂಗಿ ಎದ್ದಳು. ಇನ್ನೊಂದು ಹಲಗೆ. ಸಲೀಸಾಗಿ ಎದ್ದಳು, ಆದರೆ ಮೇಸ್ತ್ರಿ ನೋಡುತ್ತಿದ್ದದ್ದು ಅವಳ ಹಿಮ್ಮಡಿ. "ಕೂತಾಗ ಹಿಮ್ಮಡಿ ನೆಲ ಬಿಡ್ತಾ ಉಂಟು. ಕಾಲು ಗಟ್ಟಿ ಊರದಿದ್ರೆ ಮತ್ತೆ ಹೆದರಿಕೆ ಆಗ್ತದೆ. ಸ್ವಲ್ಪ ಕಮ್ಮಿ ಸಾಕು." ಎರಡನೆಯ ಹಲಗೆ ತೆಗೆದು ಒಂದು ರಟ್ಟಿನ ತುಂಡು ಮಡಚಿ ಇಟ್ಟರು. ಅಮ್ಮ ಕೂತಳು, ಎದ್ದಳು. ಮತ್ತೆ ಕೂತಳು, ಎದ್ದಳು. ಕೈ ಎಲ್ಲಿಯೂ ಹಿಡಿಯಲಿಲ್ಲ. ಐದು ತಿಂಗಳಲ್ಲಿ ಅವಳು ತಾನಾಗಿಯೇ ನಕ್ಕದ್ದನ್ನು ನಾನು ನೋಡಿದ್ದು ಆಗಲೇ.

ಸ್ಟೂಲಿನ ಅಡಿಯ ಹಲಗೆ, ರಟ್ಟು ಎರಡನ್ನೂ ಸೇರಿಸಿ ಮೇಸ್ತ್ರಿ ಟೇಪು ಹಿಡಿದರು. ನನಗೆ ತೋರಿಸಿದರು. ಒಂದೂಕಾಲು ಇಂಚಿಗೆ ಒಂದು ನೂಲು ಕಮ್ಮಿ.

"ಪೈಪು ಇದ್ದಲ್ಲೇ ಇರ್ಲಿ. ಕಮೋಡಿನ ಅಡಿಗೆ ಮಾತ್ರ ಒಂದು ಕಲ್ಲು ಕೊಡುವ. ಸುತ್ತ ನೆಲ ಎತ್ತರಿಸುದು ಬೇಡ. ಎತ್ತರಿಸಿದ್ರೆ ಅಮ್ಮನ ಕಾಲೂ ಅದರ ಮೇಲೆಯೇ ಬರ್ತದೆ, ಕೂತು ಏಳುವ ಲೆಕ್ಕ ಮೊದಲಿನ ಹಾಗೆಯೇ. ಮತ್ತೆ ಎಡವಲಿಕ್ಕೊಂದು ಅಂಚು."

ಎಷ್ಟು ಸರಳ ಲೆಕ್ಕ. ನಾನು ಎಂಜಿನಿಯರಿಂಗ್ ಓದಿದವಳು.

ಕಲ್ಲು ಎಲ್ಲಿಂದ? ಹಿತ್ತಿಲಲ್ಲಿ ಅಡುಗೆಮನೆಯ ಕಟ್ಟೆಗೆ ಹಾಸಿ ಉಳಿದ ಕಪ್ಪು ಗ್ರಾನೈಟಿನ ತುಂಡು ಗೋಡೆಗೆ ಒರಗಿ ನಿಂತಿತ್ತು. ಮುಕ್ಕಾಲು ಇಂಚು ದಪ್ಪ. ಅಡಿಗೆ ಅರ್ಧ ಇಂಚು ಗಾರೆ ಸೇರಿದರೆ ಅಳತೆ ಸರಿ. ಮೇಸ್ತ್ರಿ ಅದನ್ನು ಎತ್ತಿಕೊಂಡದ್ದೇ ತಡ, ಅಮ್ಮ ತಡೆದಳು. "ಅಡುಗೆಮನೆಯ ಕಲ್ಲು ಕಕ್ಕಸಿಗಾ?" ಆ ಮಾತಿನ ಹಿಂದೆ ಏನೆಲ್ಲ ಇತ್ತು ಎಂದು ನನಗೆ ಗೊತ್ತು. ಮಡಿ, ಮೈಲಿಗೆ, ಹಿಂದಿನ ಓಣಿ, ಗಿಡ್ಡ ಬಾಗಿಲು. ಮೇಸ್ತ್ರಿ ಕಲ್ಲನ್ನು ಹಾಗೆಯೇ ಎದೆಗೆ ಒರಗಿಸಿಕೊಂಡು ನಿಂತರು. "ಕಲ್ಲಿಗೆ ಗೊತ್ತಿಲ್ಲ ಅಮ್ಮ ತಾನು ಎಲ್ಲಿದ್ದೇನೆ ಅಂತ. ನಿಮಗೆ ಬೇಡ ಅಂದ್ರೆ ಬೇರೆ ತರ್ತೇನೆ, ನಾಳೆ ಆಗ್ತದೆ." ಅಮ್ಮ ಸ್ವಲ್ಪ ಹೊತ್ತು ಅಂಗಳದಾಚೆಯ ಮೂರು ಮೆಟ್ಟಿಲನ್ನು ನೋಡಿದಳು. "ನಾಳೆ ಎಂತಕ್ಕೆ? ಇವತ್ತೇ ಆಗ್ಲಿ" ಎಂದಳು.

ಕಮೋಡನ್ನು ಕಲ್ಲಿನ ಮೇಲೆ ಇಟ್ಟು ಅದರ ಪಾದದ ಗೆರೆ ಎಳೆದರು. ಅಂಚು ಪಾದಕ್ಕಿಂತ ಅರ್ಧ ಬೆರಳೂ ಹೊರಗೆ ಬಾರದಂತೆ ಕತ್ತರಿಸಿ, ಮೂಲೆಗಳನ್ನು ಉಜ್ಜಿ ದುಂಡು ಮಾಡಿದರು. ನಡುವೆ ಪೈಪಿಗೆ ತೂತು. ಕಲ್ಲಿನ ಧೂಳು ಹಾರದಂತೆ ನಾನು ಚೆಂಬಿನಿಂದ ನೀರು ಬಿಡುತ್ತಿದ್ದೆ. ಟೈಲ್ಸಿನ ಮೇಲ್ಮೈಯನ್ನು ಉಳಿಯಿಂದ ಒರಟು ಮಾಡಿ, ಗಾರೆ ಹಾಸಿ, ಕಲ್ಲು ಕೂರಿಸಿ, ರಸಮಟ್ಟ ಇಟ್ಟರು. ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ. ಗಾಜಿನೊಳಗಿನ ಗುಳ್ಳೆ ನಡುವೆ ಬಂದು ನಿಲ್ಲುವವರೆಗೆ ಮರದ ಕೊಡತಿಯಲ್ಲಿ ಮೆಲ್ಲ ಮೆಲ್ಲ ತಟ್ಟಿದರು. ಕಲ್ಲಿನ ಮೇಲೆ ಒಂದು ನೂಲಿನಷ್ಟು ಉಳಿದ ಪೈಪಿನ ಅಂಚನ್ನು ಮಾತ್ರ ಬ್ಲೇಡಿನಿಂದ ಕೊಯ್ದು ಮರಳು ಕಾಗದದಲ್ಲಿ ಉಜ್ಜಿದರು. ಗಾರೆ ಗಟ್ಟಿಯಾಗಲು ಎರಡು ದಿನ ಬಿಡಬೇಕು ಎಂದರು. ಪೈಪಿನೊಳಗಿನ ಬಟ್ಟೆಯ ಉಂಡೆ ಹಗ್ಗದ ಸಮೇತ ಹಾಗೆಯೇ ಇತ್ತು.

ಆ ಎರಡು ರಾತ್ರಿ ಅಂಗಳ ದಾಟುವಾಗ ನಾನು ಅಮ್ಮನ ಜೊತೆ ಹೋದೆ. ಮೊದಲ ರಾತ್ರಿ ಇಬ್ಬರೂ ಮಾತಾಡಲಿಲ್ಲ. ಎರಡನೆಯ ರಾತ್ರಿ, ಮೆಟ್ಟಿಲ ಕೆಳಗೆ ಟಾರ್ಚು ಹಿಡಿದು ನಿಂತು, ಬಾಗಿಲಿನ ಆಚೆಗಿದ್ದ ಅಮ್ಮನಿಗೆ ಹೇಳಿದೆ: "ನೆಲ ತಗ್ಗಿಸಲಿಕ್ಕೆ ಹೇಳಿದ್ದು ನಾನೇ." ಮುಖ ಕಾಣುತ್ತಿದ್ದರೆ ಹೇಳುತ್ತಿದ್ದೆನೋ ಇಲ್ಲವೋ. ಒಳಗಿನಿಂದ ಸ್ವಲ್ಪ ಹೊತ್ತು ಏನೂ ಕೇಳಲಿಲ್ಲ. ಆಮೇಲೆ ಅಮ್ಮನ ದನಿ ಬಂತು. "ನನ್ನ ಕಾಲಿಗೆ ಅಂತಲೇ ಅಲ್ಲವಾ ಮಗಾ ಹೇಳಿದ್ದು?"

ನನ್ನ ಕಾಲಿಗೆ ಅಂತ. ಹೌದು. ಆದರೆ ಆ ಕಾಲನ್ನು ನಾನು ಅಳೆದಿರಲಿಲ್ಲ. ಅಜ್ಜ ಹೊಳೆಯಿಂದ ಅಳೆದರು. ಪ್ಲಂಬರ್ ಪೆನ್ಸಿಲಿನ ಗೆರೆಯಿಂದ ಅಳೆದ, ನಾನು ಹೊಸ್ತಿಲಿನಿಂದ, ಅಣ್ಣ ತನ್ನೂರಿನ ಫ್ಲೇಂಜಿನಿಂದ. ಒಬ್ಬರದೂ ಸುಳ್ಳು ಅಳತೆಯಲ್ಲ. ಆದರೆ ಬಂದ ಮೇಸ್ತ್ರಿ ಒಬ್ಬರೇ ಅಮ್ಮ ಎಲ್ಲಿ ಕೂರುತ್ತಾಳೆ ಎಂದು ಕೇಳಿ ಅಲ್ಲಿಂದ ಟೇಪು ಬಿಟ್ಟವರು. ಅವರು ಕೇಳಿದ್ದರಿಂದಲೇ ಅಮ್ಮ ಹೇಳಿದಳು. ಹೇಳಬಾರದ ವಿಷಯ ಎಂದು ಎಪ್ಪತ್ತು ವರ್ಷ ನುಂಗಿಕೊಂಡದ್ದನ್ನು, ಪರಿಚಯವಿಲ್ಲದ ಗಂಡಸೊಬ್ಬರ ಎದುರು, ಸ್ಟೂಲಿನ ಮೇಲೆ ಹತ್ತು ಸಲ ಕೂತು ಎದ್ದು ತೋರಿಸಿದಳು.

ಮೂರನೆಯ ದಿನ ಮೇಸ್ತ್ರಿ ಬಂದು, ಹಗ್ಗ ಹಿಡಿದು ಬಟ್ಟೆಯನ್ನು ಎಳೆದು ತೆಗೆದರು. ರಬ್ಬರಿನ ಹೊಸ ಉಂಗುರಕ್ಕೆ ಸೋಪಿನ ನೀರು ಸವರಿ ಕಮೋಡನ್ನು ಇಳಿಸಿದರು. ಕಲ್ಲಿಗೆ ಮೊದಲೇ ಕೊರೆದಿಟ್ಟ ತೂತುಗಳಲ್ಲಿ ಸ್ಕ್ರೂ ಬಿಗಿದರು, ಒಂದೇ ಸಲಕ್ಕೆ ಪೂರ್ತಿ ಅಲ್ಲ, ಎಡಕ್ಕೆ ಸ್ವಲ್ಪ, ಬಲಕ್ಕೆ ಸ್ವಲ್ಪ. ಅಂಚಿಗೆ ಸಿಲಿಕಾನ್ ಹಚ್ಚಿದರು, ಹಿಂದುಗಡೆ ಎರಡು ಬೆರಳಿನಷ್ಟು ಜಾಗ ಬಿಟ್ಟು. ಮುಂದೆ ಎಂದಾದರೂ ಒಳಗೆ ಸೋರಿದರೆ ಅಲ್ಲಿಂದ ಹೊರಗೆ ಕಾಣಬೇಕು, ಮುಚ್ಚಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ ಎಂದರು. ಎರಡು ಬಕೆಟ್ ನೀರು ಸುರಿದು, ಕಲ್ಲಿನ ಸುತ್ತ ಒಣ ಪೇಪರ್ ಇಟ್ಟು, ಚಾ ಕುಡಿದು ಬಂದು ನೋಡಿದರು. ಪೇಪರ್ ಒಣಗಿಯೇ ಇತ್ತು. ಹೋಗುವ ಮುಂಚೆ ದಾರಂದದ ಹಳೆಯ ಪೆನ್ಸಿಲ್ ಗೆರೆಯ ಕೆಳಗೆ ಇನ್ನೊಂದು ಗೆರೆ ಎಳೆದು 3 ಎಂದು ಬರೆದರು. "ಮುಂದೆ ಬರುವವನಿಗೆ ನೆಲ ಯಾವುದು ಅಂತ ಗೊತ್ತಾಗ್ಲಿ."

ಆ ಪ್ಲಂಬರಿಗೂ ನಾನು ಫೋನು ಮಾಡಿದೆ. ಪೈಪು ಸರಿಯಾಗಿಯೇ ಇತ್ತು, ನೆಲ ತಗ್ಗಿಸಿದ್ದು ನಾನು ಎಂದೆ. ಅವನು ಒಂದು ಕ್ಷಣ ಸುಮ್ಮನಿದ್ದು, "ನಾನೂ ಆವತ್ತೇ ಹೇಳ್ಬೇಕಿತ್ತು ಮೇಡಂ" ಎಂದ.

ಜೂನ್ ಮೊದಲ ವಾರ ನಾನು ಬೆಂಗಳೂರಿಗೆ ಹೊರಡುವ ಹಿಂದಿನ ರಾತ್ರಿ ಮಳೆ ಹಿಡಿಯಿತು. ಹಂಚಿನ ಮೇಲೆ ಇಡೀ ರಾತ್ರಿ ಸುರಿಯಿತು. ನಡುವೆ ಯಾವಾಗಲೋ ಎಚ್ಚರವಾದಾಗ ಪಕ್ಕದ ಕೋಣೆಯ ದೀಪ ಹೊತ್ತಿತು, ಬಾಗಿಲು ತೆರೆಯಿತು, ಸ್ವಲ್ಪ ಹೊತ್ತಿನ ಮೇಲೆ ನೀರಿನ ಸದ್ದು, ಮತ್ತೆ ದೀಪ ಆರಿತು. ಹಿಂಬಾಗಿಲಿನ ಚಿಲಕದ ಸದ್ದು ಕೇಳಲಿಲ್ಲ. ಬೆಳಿಗ್ಗೆ ಎದ್ದು ನೋಡಿದೆ. ಅಂಗಳದಾಚೆಯ ಮೂರು ಮೆಟ್ಟಿಲುಗಳ ಮೇಲೆ ಕೆಂಪು ನೀರು ಹರಿಯುತ್ತಿತ್ತು. ಅಮ್ಮನ ಮಂಚದ ಬದಿಯ ತಂಬಿಗೆಯಲ್ಲಿ ಬುಡಕ್ಕೆ ಎರಡು ಬೆರಳು ನೀರು ಉಳಿದಿತ್ತು.